ಲಿನಕ್ಸ್: ಹೊಸಬರು ಮತ್ತು ಗೇಮಿಂಗ್

ಲಿನಕ್ಸ್ ಎಂಬುದು ಯಾರು ಬೇಕಾದರೂ ಪಡೆದು, ಬಳಸಿ, ತಿದ್ದಿ, ಇತರರಿಗೆ ಹಂಚಬಹುದಾದ ಕಾರ್ಯಾಚರಣೆ ವ್ಯವಸ್ಥೆ. ಸರ್ವರ್‌ಗಳಲ್ಲೂ ಸೂಪರ್‌ಕಂಪ್ಯೂಟರ್‌ಗಳಲ್ಲೂ ಅದರದೇ ಮೇಲುಗೈ. ಪ್ರಪಂಚದ ಅತಿ ವೇಗದ 500 ಸೂಪರ್‌ಕಂಪ್ಯೂಟರ್‌ಗಳೆಲ್ಲವೂ 2017ರ ನವೆಂಬರ್‌ನಿಂದ ಲಿನಕ್ಸ್‌ನಲ್ಲೇ ನಡೆಯುತ್ತಿವೆ. ಆಂಡ್ರಾಯ್ಡ್ ಫೋನಿನ ತಳದಲ್ಲಿ ಇರುವುದೂ ಲಿನಕ್ಸ್‌ನ ತಿರುಳಾದ ಕರ್ನೆಲ್ಲೇ. ಮನೆ, ಅಂಗಡಿ, ಶಾಲೆಗಳ ಕಂಪ್ಯೂಟರ್‌ಗಳಲ್ಲಿ ಮಾತ್ರ ಅದರ ಪಾಲು ಚಿಕ್ಕದು. ಲಿನಕ್ಸ್‌ಗೆ ಮೊದಲ ಸಲ ಕಾಲಿಡುವವರಿಗೂ ಕಂಪ್ಯೂಟರಿನಲ್ಲಿ ಆಟ ಆಡುವವರಿಗೂ ಅದು ಇಂದು ಎಷ್ಟು ಕೈಗೆಟುಕುತ್ತದೆ ಎಂಬುದು ಈ ಲೇಖನದ ವಿಷಯ. ವಿವರಣೆಗೆ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ಎಂಬ ಮೂರು ತಾಲ್ಲೂಕು ಕೇಂದ್ರಗಳನ್ನು ಮುಂದಿಟ್ಟುಕೊಂಡು, ಕರ್ನಾಟಕ ಮತ್ತು ಕಾಸರಗೋಡಿನ ಅನುಭವಗಳನ್ನು ಜೊತೆಗೆ ನೋಡಲಾಗಿದೆ.

ಹಿನ್ನೆಲೆ

ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆ, ಬಳಕೆದಾರರಿಗೆ ಪೂರ್ಣ ಸ್ವಾತಂತ್ರ್ಯ ಕೊಡುವ ತಂತ್ರಾಂಶಗಳನ್ನು ಕಟ್ಟಲು ಹೊರಟಿತು. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರ ಆಗಸ್ಟ್ 25ರಂದು ತಾವು ಬರೆಯುತ್ತಿದ್ದ ಕರ್ನೆಲ್ ಕುರಿತು ಪ್ರಕಟಣೆ ಹೊರಡಿಸಿದರು. ಈ ಎರಡೂ ಸೇರಿ ಇಂದಿನ ವ್ಯವಸ್ಥೆ ರೂಪುಗೊಂಡಿತು. ಕರ್ನೆಲ್ಲಿಗೆ ಬೇಕಾದ ತಂತ್ರಾಂಶಗಳನ್ನೆಲ್ಲ ಸೇರಿಸಿ ಸಿದ್ಧಪಡಿಸಿದ ಕಟ್ಟನ್ನು ಡಿಸ್ಟ್ರೋ ಎನ್ನುತ್ತಾರೆ. ಡೆಬಿಯನ್ ಮತ್ತು ಸ್ಲ್ಯಾಕ್‌ವೇರ್ 1993ರಲ್ಲೇ ಶುರುವಾದವು. ಆರಂಭದಲ್ಲಿ ಎಲ್ಲ ಕೆಲಸವೂ ಕಪ್ಪು ಪರದೆಯ ಮೇಲೆ ಆದೇಶ ಟೈಪಿಸಿಯೇ ನಡೆಯಬೇಕಿತ್ತು. ಕೆಡಿಇ 1996ರಲ್ಲಿ, ಗ್ನೋಮ್ 1997ರಲ್ಲಿ ಆರಂಭವಾಗಿ ಕಿಟಕಿ, ಮೆನು, ಮೌಸ್‌ಗಳ ಪರಿಸರ ಬಂತು.

ಹೊಸಬರ ದೃಷ್ಟಿಯಿಂದ ದೊಡ್ಡ ತಿರುವು 2004ರ ಅಕ್ಟೋಬರ್‌ನಲ್ಲಿ ಬಂದ ಉಬುಂಟು. ಅದನ್ನು ಆರಂಭಿಸಿದ ಮಾರ್ಕ್ ಶಟಲ್‌ವರ್ತ್ ಅವರ ಸಂಸ್ಥೆ, ಕೇಳಿದವರ ಮನೆಗೆ ಅಂಚೆಯಲ್ಲಿ ಉಚಿತ ಸಿಡಿ ಕಳಿಸುವ ಏರ್ಪಾಡನ್ನು 2011ರವರೆಗೂ ನಡೆಸಿತು. ಇಂಟರ್ನೆಟ್ ನಿಧಾನವಾಗಿದ್ದ ಆ ದಿನಗಳಲ್ಲಿ ಸಣ್ಣ ಊರುಗಳ ಅನೇಕ ವಿದ್ಯಾರ್ಥಿಗಳಿಗೆ ಲಿನಕ್ಸ್ ಕೈಗೆ ಬಂದದ್ದೇ ಹೀಗೆ. ಉಬುಂಟುವಿನ ತಳಹದಿಯ ಮೇಲೆ 2006ರಲ್ಲಿ ಹುಟ್ಟಿದ ಲಿನಕ್ಸ್ ಮಿಂಟ್, ವಿಂಡೋಸ್ ಬಳಸಿ ರೂಢಿಯಾದವರಿಗೆ ಹೊಂದುವಂತೆ ಕೆಳಗೆ ಪಟ್ಟಿ, ಮೂಲೆಯಲ್ಲಿ ಮೆನು ಇಟ್ಟು ಜನಪ್ರಿಯವಾಯಿತು.

ಕರ್ನಾಟಕದಲ್ಲಿ ಲಿನಕ್ಸ್

ಭಾರತದಲ್ಲಿ ಲಿನಕ್ಸ್ ಹರಡಿದ್ದರಲ್ಲಿ ಬೆಂಗಳೂರಿನ ಪಾತ್ರ ಹಿರಿದು. 1990ರ ದಶಕದ ನಡುವಿನಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ತನ್ನ ಓದುಗರಿಗೆ ಲಿನಕ್ಸ್ ಸಿಡಿ ಹಂಚಿದ್ದರ ಹಿಂದೆ ಇದ್ದವರು ಅತುಲ್ ಚಿಟ್ನಿಸ್. ಅವರ ಮುಂದಾಳತ್ವದಲ್ಲಿ 2001ರಲ್ಲಿ ಆರಂಭವಾದ ಲಿನಕ್ಸ್ ಬೆಂಗಳೂರು ಸಮ್ಮೇಳನ, ಮುಂದೆ ಫಾಸ್ ಡಾಟ್ ಇನ್ ಎಂಬ ಹೆಸರಿನಲ್ಲಿ 2012ರವರೆಗೆ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯವರೂ ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಗಣಕದಲ್ಲಿದ್ದದ್ದೂ ಲಿನಕ್ಸ್. ಓದು ಬಾರದವರೂ ಬಳಸಬಹುದಾದ, ಕೈಗೆಟುಕುವ ಬೆಲೆಯ ಯಂತ್ರ ಕೊಡಬೇಕೆಂಬುದು ಅದರ ಗುರಿಯಾಗಿತ್ತು. ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ, ಆದರೆ ಲಿನಕ್ಸ್ ಸಾಮಾನ್ಯರ ಕೈಗೂ ಹೋಗಬೇಕು ಎಂಬ ಆಶಯಕ್ಕೆ ಕರ್ನಾಟಕದಲ್ಲಿ ಹುಟ್ಟಿದ ಮೊದಲ ರೂಪಗಳಲ್ಲಿ ಅದೂ ಒಂದು.

ಶಿಕ್ಷಣದಲ್ಲೂ ಗಟ್ಟಿ ಪ್ರಯತ್ನಗಳು ನಡೆದಿವೆ. ರಾಜ್ಯದ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಹಾಗೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಜೊತೆಗೂಡಿ ನಡೆಸಿದ ವಿಷಯ ಶಿಕ್ಷಕರ ವೇದಿಕೆ ಕಾರ್ಯಕ್ರಮದಲ್ಲಿ ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರು ಉಬುಂಟುವಿನಲ್ಲೇ ತರಬೇತಿ ಪಡೆದರು. ಅವರು ಸಿದ್ಧಪಡಿಸಿದ ಪಾಠ ಸಾಮಗ್ರಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಲ್ಲಿ ಸೇರಿತು. ಕರ್ನಾಟಕದ ಸ್ವತಂತ್ರ ತಂತ್ರಾಂಶ ಚಳವಳಿಯ ಕಾರ್ಯಕರ್ತರು ಬೆಂಗಳೂರಿನ ಕೊಳಗೇರಿಯೊಂದರಲ್ಲಿ ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರ ತೆರೆದು, ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಕ್ಕಳಿಗೆ ಲಿನಕ್ಸ್ ಮೂಲಕವೇ ಕಂಪ್ಯೂಟರ್ ಕಲಿಸಿದರು. ಮೊದಲ ಬಾರಿಗೆ ಮೌಸ್ ಹಿಡಿಯುವ ಮಗುವಿಗೆ ಯಾವ ವ್ಯವಸ್ಥೆಯಾದರೂ ಒಂದೇ, ಕಷ್ಟವಾಗುವುದು ಬೇರೊಂದಕ್ಕೆ ಕೈ ಪಳಗಿದವರಿಗೆ ಎಂಬುದನ್ನು ಈ ಕೇಂದ್ರ ತೋರಿಸಿಕೊಟ್ಟಿತು.

ಇತ್ತೀಚಿನ ಹೆಜ್ಜೆ ರಾಜ್ಯ ಸರ್ಕಾರದ ಸಂಸ್ಥೆಯಾದ ಕಿಯೊನಿಕ್ಸ್‌ನದು. 2025ರ ನವೆಂಬರ್‌ನ ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ರಾಜ್ಯ ಸರ್ಕಾರ ಕಿಯೋ ಎಂಬ ಪುಟ್ಟ ಕಂಪ್ಯೂಟರನ್ನು 18,999 ರೂಪಾಯಿ ಬೆಲೆಯೊಂದಿಗೆ ಪರಿಚಯಿಸಿತು. ಅದರ ಪ್ರೊಸೆಸರ್ ಮುಕ್ತ ವಿನ್ಯಾಸದ ರಿಸ್ಕ್-ಫೈವ್, ವ್ಯವಸ್ಥೆ ಲಿನಕ್ಸ್.

ರೋಣ, ನರಗುಂದ, ಗಜೇಂದ್ರಗಡ

1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಗದಗ ಜಿಲ್ಲೆಯ ಉತ್ತರ ಭಾಗದಲ್ಲಿ ಈ ಮೂರೂ ಊರುಗಳಿವೆ. ರೋಣ ತಾಲ್ಲೂಕಿನ ಭಾಗವಾಗಿದ್ದ ಗಜೇಂದ್ರಗಡ ಈಗ ಪ್ರತ್ಯೇಕ ತಾಲ್ಲೂಕು. ಕಪ್ಪು ಮಣ್ಣಿನ ಬೇಸಾಯ, ಗಜೇಂದ್ರಗಡದ ನೇಕಾರಿಕೆ, ಗುಡ್ಡದ ಮೇಲಿನ ಗಾಳಿಯಂತ್ರಗಳು ಈ ಸೀಮೆಯ ಗುರುತು. ಎಂಜಿನಿಯರಿಂಗ್ ಓದಲು ಇಲ್ಲಿನ ಮಕ್ಕಳಿಗೆ ಹತ್ತಿರವಾದ ಕಾಲೇಜುಗಳು ಗದಗ ಮತ್ತು ಹುಲಕೋಟಿಯಲ್ಲಿವೆ.

ಇಂಥ ಊರುಗಳಲ್ಲಿ ಲಿನಕ್ಸ್ ಕಾಣಸಿಗುವ ಜಾಗಗಳು ಕೆಲವೇ, ಆದರೆ ಮುಖ್ಯವಾದವು. ದೇಶದ ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳನ್ನು ಗಣಕೀಕರಿಸಿದ ಇ-ಕೋರ್ಟ್ಸ್ ಯೋಜನೆ ಉಬುಂಟುವನ್ನು ಆರಿಸಿಕೊಂಡು, ನ್ಯಾಯಾಧೀಶರಿಗೂ ಸಿಬ್ಬಂದಿಗೂ ಅದರಲ್ಲೇ ತರಬೇತಿ ಕೊಡಿಸಿತು. ರೋಣ ಮತ್ತು ನರಗುಂದದ ನ್ಯಾಯಾಲಯಗಳೂ ಆ ಯೋಜನೆಯ ವ್ಯಾಪ್ತಿಗೆ ಸೇರಿದವು. ಇನ್ನೊಂದು ಬಾಗಿಲು ಐಟಿಐ. ಕೋಪಾ ಎಂದು ಕರೆಯುವ ಕಂಪ್ಯೂಟರ್ ಆಪರೇಟರ್ ಕೋರ್ಸಿನ ಪಠ್ಯದಲ್ಲಿ ಲಿನಕ್ಸ್‌ನ ಮೂಲ ಆದೇಶಗಳಿವೆ. ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಅದು ತಪ್ಪದು.

ಉಳಿದ ಕಡೆ ವಿಂಡೋಸ್‌ನದೇ ರಾಜ್ಯ. ಡಿಟಿಪಿ ಮತ್ತು ಝೆರಾಕ್ಸ್ ಅಂಗಡಿ, ಕಂಪ್ಯೂಟರ್ ಕ್ಲಾಸ್, ಆನ್‌ಲೈನ್ ಅರ್ಜಿ ತುಂಬುವ ಸೇವಾ ಕೇಂದ್ರ, ಟ್ಯಾಲಿಯಲ್ಲಿ ಲೆಕ್ಕ ಇಡುವ ಅಡತಿ ಅಂಗಡಿ, ಎಲ್ಲೆಡೆ ಅದೇ. ಕಂಪ್ಯೂಟರ್ ಹ್ಯಾಂಗ್ ಆದರೆ ಫಾರ್ಮ್ಯಾಟ್ ಹೊಡೆದು ಮತ್ತೆ ಅದನ್ನೇ ಹಾಕುವುದು ರಿಪೇರಿಯವರ ರೂಢಿ. ಲಿನಕ್ಸ್ ಹಾಕಿಕೊಂಡವರಿಗೆ ತೊಡಕು ಬಂದಾಗ ಕೇಳಲು ಪಕ್ಕದಲ್ಲಿ ಯಾರಿದ್ದಾರೆ ಎಂಬುದೇ ಇಲ್ಲಿ ದೊಡ್ಡ ಪ್ರಶ್ನೆ.

ಹೊಸಬರು ಆರಂಭಿಸುವ ಬಗೆ

ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಅಥವಾ ನಂತರದ ಪ್ರೊಸೆಸರ್ ಬೇಕು. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಂಡ ಮನೆಗಳಲ್ಲೂ ಶಾಲೆಗಳ ಹಳೆಯ ಲ್ಯಾಬ್‌ಗಳಲ್ಲೂ ಇರುವ ಎಷ್ಟೋ ಯಂತ್ರಗಳಿಗೆ ಈ ಅರ್ಹತೆ ಇಲ್ಲ. ಅದೇ ಲಿನಕ್ಸ್ ಮಿಂಟ್‌ಗೆ ಕನಿಷ್ಠ 2 ಜಿಬಿ, ಆರಾಮವಾಗಿ ನಡೆಯಲು 4 ಜಿಬಿ ರ‍್ಯಾಮ್ ಸಾಕು. ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಇನ್ನೂ ಹಗುರ. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಹತ್ತು ವರ್ಷದ ಯಂತ್ರವೂ ಬ್ರೌಸಿಂಗ್, ಪತ್ರ ಬರೆಯುವುದು, ವಿಡಿಯೊ ಪಾಠ ನೋಡುವುದಕ್ಕೆ ಚೆನ್ನಾಗಿ ದುಡಿಯುತ್ತದೆ. 32 ಬಿಟ್‌ನ ತೀರ ಹಳೆಯ ಪ್ರೊಸೆಸರ್‌ಗಳನ್ನು ಮಾತ್ರ ದೊಡ್ಡ ಡಿಸ್ಟ್ರೋಗಳು ಒಂದೊಂದಾಗಿ ಕೈಬಿಡುತ್ತಿವೆ.

ಹಾಕಿಕೊಳ್ಳುವ ಕ್ರಮ ಸರಳ. ಡಿಸ್ಟ್ರೋದ ಅಧಿಕೃತ ತಾಣದಿಂದ ಐಎಸ್‌ಒ ಕಡತ ಇಳಿಸಿಕೊಂಡು, ರೂಫಸ್ ಅಥವಾ ವೆಂಟಾಯ್‌ನಂಥ ತಂತ್ರಾಂಶದಿಂದ 8 ಜಿಬಿ ಪೆನ್‌ಡ್ರೈವ್‌ಗೆ ಹಾಕಬೇಕು. ಆ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಆರಂಭಿಸಿದರೆ, ಡಿಸ್ಕ್‌ನಲ್ಲಿ ಏನನ್ನೂ ಮುಟ್ಟದೆ ಲಿನಕ್ಸ್ ನಡೆಯುತ್ತದೆ. ಇದಕ್ಕೆ ಲೈವ್ ಎನ್ನುತ್ತಾರೆ. ವೈಫೈ ಹಿಡಿಯುತ್ತದೆಯೇ, ಧ್ವನಿ ಬರುತ್ತದೆಯೇ, ಪ್ರಿಂಟರ್ ಸಿಗುತ್ತದೆಯೇ ಎಂದು ಈ ಹಂತದಲ್ಲೇ ನೋಡಿಕೊಳ್ಳಬಹುದು. ವೈಫೈ ಸಿಗದಿದ್ದರೆ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆದರಿಂಗ್ ಚಾಲೂ ಮಾಡಿದರೆ ಇಂಟರ್ನೆಟ್ ಬರುತ್ತದೆ, ಬೇರೆ ಡ್ರೈವರ್ ಬೇಡ.

ಎಲ್ಲ ಸರಿ ಎನಿಸಿದ ಮೇಲೆ ಎರಡು ದಾರಿಗಳಿವೆ. ವಿಂಡೋಸ್ ಅಳಿಸಿ ಲಿನಕ್ಸ್ ಒಂದನ್ನೇ ಇಟ್ಟುಕೊಳ್ಳುವುದು ಒಂದು, ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳುವ ಡ್ಯುಯಲ್ ಬೂಟ್ ಇನ್ನೊಂದು. ಎರಡರಲ್ಲೂ ಮೊದಲು ಫೋಟೊ, ಅಂಕಪಟ್ಟಿ, ದಾಖಲೆಗಳ ಪ್ರತಿಯನ್ನು ಬೇರೆ ಡಿಸ್ಕ್‌ಗೆ ತೆಗೆದಿಡಲೇಬೇಕು. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಬೇಕು. ಹೊಸಬರು ಎಡವುವುದು ಹೆಚ್ಚಾಗಿ ಈ ಹಂತದಲ್ಲಿ, ಹಾಕಿಕೊಂಡ ನಂತರದ ಬಳಕೆಯಲ್ಲಿ ಅಲ್ಲ.

ನಂತರ ತಂತ್ರಾಂಶ ಹುಡುಕಲು ಊರೆಲ್ಲ ಅಲೆಯಬೇಕಿಲ್ಲ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಹೆಸರು ಹುಡುಕಿ ಗುಂಡಿ ಒತ್ತಿದರೆ ಸಾಕು. ವ್ಯವಸ್ಥೆಯೂ ತಂತ್ರಾಂಶಗಳೂ ಒಂದೇ ಕಡೆಯಿಂದ ಅಪ್‌ಡೇಟ್ ಆಗುತ್ತವೆ. ಕಚೇರಿ ಕೆಲಸಕ್ಕೆ ಲಿಬ್ರೆ ಆಫೀಸ್, ಚಿತ್ರ ತಿದ್ದಲು ಗಿಂಪ್, ವಿನ್ಯಾಸಕ್ಕೆ ಇಂಕ್‌ಸ್ಕೇಪ್, ವಿಡಿಯೊ ನೋಡಲು ವಿಎಲ್‌ಸಿ ಇವೆ. ಆದೇಶ ಟೈಪಿಸುವ ಟರ್ಮಿನಲ್ ತೆರೆಯದೆಯೇ ದಿನನಿತ್ಯದ ಕೆಲಸವೆಲ್ಲ ನಡೆಯುತ್ತದೆ.

ಕನ್ನಡ ಬರವಣಿಗೆ

ಕನ್ನಡದ ಬಳಕೆದಾರರಿಗೆ ಇದು ನಿರ್ಣಾಯಕ ವಿಷಯ, ಇಲ್ಲಿ ಲಿನಕ್ಸ್ ಬಲವಾಗಿಯೇ ನಿಂತಿದೆ. ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದು, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ನಾಡಿನಾದ್ಯಂತ ಕೈಗಳಿಗೆ ರೂಢಿಯಾದ ಕಗಪ ಕೀಲಿಮಣೆ ಲಿನಕ್ಸ್‌ನ ಜೊತೆಯಲ್ಲೇ ಬರುತ್ತದೆ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡದ ಕೆಳಗೆ ಕಗಪ ಆರಿಸಿಕೊಂಡರೆ ಆಯಿತು. ಇನ್‌ಸ್ಕ್ರಿಪ್ಟ್ ಕೀಲಿಮಣೆ ಕೂಡ ಇದೆ. ರೆಡ್ ಹ್ಯಾಟ್ ಸಂಸ್ಥೆ ಬಿಡುಗಡೆ ಮಾಡಿದ ಲೋಹಿತ್, ಗೂಗಲ್‌ನ ನೋಟೊ, ಅರವಿಂದ ವಿ. ಕೆ. ರೂಪಿಸಿದ ಗುಬ್ಬಿ ಮತ್ತು ನವಿಲು ಫಾಂಟ್‌ಗಳು ಉಚಿತವಾಗಿ ದೊರೆಯುತ್ತವೆ. ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶವೂ ಮುಕ್ತವಾದದ್ದೇ. ಗ್ನೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್‌ಗಳ ಮೆನುಗಳನ್ನು ಸ್ವಯಂಸೇವಕರು ಕನ್ನಡಕ್ಕೆ ತಂದಿದ್ದಾರೆ. ಕೆಲವು ಕಡೆ ಅನುವಾದ ಅರ್ಧಕ್ಕೆ ನಿಂತಿದೆ, ಹೊಸ ಕೈಗಳು ಬೇಕಾಗಿವೆ.

ತೊಡಕಿರುವುದು ಹಳೆಯ ಕಡತಗಳಲ್ಲಿ. ಯೂನಿಕೋಡ್‌ಗೆ ಮೊದಲು ನುಡಿ, ಬರಹ ತಂತ್ರಾಂಶಗಳಲ್ಲಿ ಸಿದ್ಧವಾದ ಕಡತಗಳು ಆಯಾ ಫಾಂಟ್ ಇಲ್ಲದಿದ್ದರೆ ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತವೆ. ಇವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ, ಅವುಗಳಲ್ಲಿ ಅರವಿಂದ ಅವರದೇ ಒಂದು. ಲಗ್ನಪತ್ರಿಕೆ, ಕರಪತ್ರ ಮಾಡುವ ಅಂಗಡಿಗಳು ಪೇಜ್‌ಮೇಕರ್, ಕೋರೆಲ್‌ಡ್ರಾಗಳಲ್ಲಿ ಇಟ್ಟುಕೊಂಡಿರುವ ವರ್ಷಗಳ ಮಾದರಿಗಳನ್ನು ಲಿನಕ್ಸ್‌ನಲ್ಲಿ ನಡೆಯುವ ಸ್ಕ್ರೈಬಸ್, ಇಂಕ್‌ಸ್ಕೇಪ್‌ಗಳಿಗೆ ತರುವುದು ಸುಲಭವಲ್ಲ. ಅದು ಹೊಸದಾಗಿ ಮಾಡಬೇಕಾದ ಕೆಲಸ.

ಹೊಸಬರಿಗಿರುವ ಅಡ್ಡಿಗಳು

ಟ್ಯಾಲಿ ವಿಂಡೋಸ್‌ಗೆ ಮಾತ್ರ ಸಿದ್ಧವಾದ ತಂತ್ರಾಂಶ. ಆಧಾರ್ ಬೆರಳಚ್ಚು ಯಂತ್ರಗಳ ಸೇವಾ ತಂತ್ರಾಂಶ ಹೆಚ್ಚಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೆ ದೊರೆಯುತ್ತದೆ. ಎಚ್‌ಪಿಯ ಬಹುಪಾಲು ಪ್ರಿಂಟರ್‌ಗಳು ಲಿನಕ್ಸ್‌ನಲ್ಲಿ ತಾವಾಗಿಯೇ ಗುರುತು ಸಿಕ್ಕಿ ಕೆಲಸ ಮಾಡುತ್ತವೆ. ಅಂಗಡಿಗಳಲ್ಲಿ ಬಹಳ ಕಾಣುವ ಕ್ಯಾನನ್ ಎಲ್‌ಬಿಪಿ 2900ಗೆ ಪ್ರತ್ಯೇಕ ಡ್ರೈವರ್ ಹಾಕಿ ಹೊಂದಿಸಬೇಕು, ಹೊಸಬರಿಗೆ ಅದು ಕಷ್ಟ. ಆದ್ದರಿಂದ ಸೇವಾ ಕೇಂದ್ರ, ಲೆಕ್ಕಪತ್ರದ ಕಂಪ್ಯೂಟರ್‌ಗಳನ್ನು ಲಿನಕ್ಸ್‌ಗೆ ಬದಲಿಸುವ ಮುನ್ನ ಪ್ರತಿಯೊಂದು ಸಾಧನವನ್ನೂ ಪರೀಕ್ಷಿಸುವುದು ಅಗತ್ಯ.

ಲಿನಕ್ಸ್‌ನಲ್ಲಿ ಆಟಗಳು

ಲಿನಕ್ಸ್‌ನಲ್ಲಿ ಆಟಗಳೇ ಇಲ್ಲ ಎಂಬ ಮಾತು ಬಹುಕಾಲ ನಿಜಕ್ಕೆ ಹತ್ತಿರವಾಗಿತ್ತು. ಡೂಮ್, ಕ್ವೇಕ್‌ನಂಥ ಕೆಲವು ಆಟಗಳು 1990ರ ದಶಕದಲ್ಲೇ ಬಂದಿದ್ದವು. ಹೆಸರಾಂತ ಆಟಗಳನ್ನು ಲಿನಕ್ಸ್‌ಗೆ ತರಲೆಂದೇ 1998ರಲ್ಲಿ ಆರಂಭವಾದ ಲೋಕಿ ಎಂಬ ಸಂಸ್ಥೆ ಕೆಲವೇ ವರ್ಷಗಳಲ್ಲಿ ಮುಚ್ಚಿತು. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ಯೋಜನೆ 1993ರಲ್ಲಿ ಶುರುವಾಗಿ, 1.0 ಆವೃತ್ತಿ ಮುಟ್ಟಲು 2008ರವರೆಗೆ ಕಾಯಬೇಕಾಯಿತು.

ಆಟದ ಮಾರಾಟ ತಾಣವಾದ ಸ್ಟೀಮ್‌ನ ಒಡೆತನ ಹೊಂದಿದ ವಾಲ್ವ್ ಸಂಸ್ಥೆ 2013ರ ಫೆಬ್ರುವರಿಯಲ್ಲಿ ಲಿನಕ್ಸ್‌ಗೆ ಸ್ಟೀಮ್ ತಂದಿತು. 2015ರಲ್ಲಿ ಬಂದ, ಲಿನಕ್ಸ್‌ನಲ್ಲಿ ನಡೆಯುವ ಆಟದ ಕಂಪ್ಯೂಟರ್‌ಗಳಾದ ಸ್ಟೀಮ್ ಮಷೀನ್‌ಗಳು ಸೋತವು. ಲಿನಕ್ಸ್‌ಗೆಂದೇ ಆಟ ಬರೆದುಕೊಡಿ ಎಂದು ತಯಾರಕರನ್ನು ಒಪ್ಪಿಸುವುದು ಆಗದ ಮಾತು ಎಂಬುದು ಆ ಸೋಲಿನಿಂದ ಗೊತ್ತಾಯಿತು. ಇರುವ ವಿಂಡೋಸ್ ಆಟಗಳನ್ನೇ ಲಿನಕ್ಸ್‌ನಲ್ಲಿ ನಡೆಸುವ ದಾರಿ ಹಿಡಿದು, 2018ರ ಆಗಸ್ಟ್‌ನಲ್ಲಿ ವಾಲ್ವ್ ಪ್ರೋಟಾನ್ ಬಿಡುಗಡೆ ಮಾಡಿತು. ಇದರ ಒಳಗೆ ವೈನ್ ಇದೆ. ಜೊತೆಗೆ ವಿಂಡೋಸ್‌ನ ಡೈರೆಕ್ಟ್‌ಎಕ್ಸ್ ಆದೇಶಗಳನ್ನು ವಲ್ಕನ್ ಎಂಬ ಮುಕ್ತ ಗ್ರಾಫಿಕ್ಸ್ ಭಾಷೆಗೆ ಆಟ ನಡೆಯುವಾಗಲೇ ಬದಲಿಸಿಕೊಡುವ ಡಿಎಕ್ಸ್‌ವಿಕೆ ಎಂಬ ದುಭಾಷಿ ಇದೆ. ಅದನ್ನು ಬರೆದವರು ಫಿಲಿಪ್ ರೆಬೊಲೆ. ಡೈರೆಕ್ಟ್‌ಎಕ್ಸ್ 12ರ ಆಟಗಳಿಗೆ ಇಂಥದೇ ಇನ್ನೊಂದು ತಂತ್ರಾಂಶವಿದೆ. 2022ರ ಫೆಬ್ರುವರಿಯಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರ ಲಿನಕ್ಸ್‌ನಲ್ಲೇ ನಡೆದು ಈ ಹಾದಿಯನ್ನು ಗಟ್ಟಿ ಮಾಡಿತು. ಸ್ಟೀಮ್‌ನ ಸಮೀಕ್ಷೆಯಲ್ಲಿ ಲಿನಕ್ಸ್‌ನ ಪಾಲು 2025ರ ಅಕ್ಟೋಬರ್‌ನಲ್ಲಿ ಶೇ. 3 ದಾಟಿತು.

ಬಳಕೆದಾರ ಮಾಡಬೇಕಾದದ್ದು ಇಷ್ಟೇ: ಸ್ಟೀಮ್ ಹಾಕಿಕೊಳ್ಳುವುದು, ಸೆಟ್ಟಿಂಗ್ಸ್‌ನ ಕಂಪ್ಯಾಟಿಬಿಲಿಟಿ ಭಾಗದಲ್ಲಿ ಪ್ರೋಟಾನ್ ಚಾಲೂ ಇದೆಯೇ ನೋಡುವುದು, ಆಟ ಇಳಿಸಿ ಆಡುವುದು. ಎಪಿಕ್, ಗಾಗ್ ತಾಣಗಳ ಆಟಗಳಿಗೆ ಹೀರೊಯಿಕ್, ಹಳೆಯ ಸಿಡಿ ಆಟಗಳಿಗೆ ಲೂಟ್ರಿಸ್ ಅಥವಾ ಬಾಟಲ್ಸ್ ನೆರವಾಗುತ್ತವೆ. ಯಾವ ಆಟ ಹೇಗೆ ಓಡುತ್ತದೆ ಎಂಬ ಆಟಗಾರರ ವರದಿಗಳು ಪ್ರೋಟಾನ್‌ಡಿಬಿ ತಾಣದಲ್ಲಿವೆ. ಕೌಂಟರ್ ಸ್ಟ್ರೈಕ್ 2, ಡೋಟಾ 2, ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿ ನೇರವಾಗಿಯೇ ಲಿನಕ್ಸ್‌ನಲ್ಲಿ ನಡೆಯುತ್ತವೆ. ಸೂಪರ್‌ಟಕ್ಸ್‌ಕಾರ್ಟ್, ಝೀರೊ ಎ.ಡಿ., ಬ್ಯಾಟಲ್ ಫಾರ್ ವೆಸ್ನೋತ್, ಲುವಾಂಟಿ ಆಟಗಳು ಪೂರ್ತಿ ಉಚಿತ ಮತ್ತು ಮುಕ್ತ. ಆಟಕ್ಕೆಂದೇ ಸಿದ್ಧಪಡಿಸಿದ ಡಿಸ್ಟ್ರೋಗಳೂ ಇವೆ, ಬಜೈಟ್, ನೊಬಾರಾ ಅಂಥವು.

ಆಡಲಾಗದ ಆಟಗಳು

ಒಬ್ಬರೇ ಆಡುವ ಆಟಗಳಲ್ಲಿ ಬಹುಪಾಲು ಪ್ರೋಟಾನ್‌ನಲ್ಲಿ ಓಡುತ್ತವೆ. ಸ್ಪರ್ಧೆಯ ಆನ್‌ಲೈನ್ ಆಟಗಳ ಕಥೆ ಬೇರೆ. ಮೋಸದ ಆಟ ತಡೆಯುವ ಆ್ಯಂಟಿ-ಚೀಟ್ ತಂತ್ರಾಂಶಗಳು ಕೆಲವು ವಿಂಡೋಸ್ ಕರ್ನೆಲ್‌ನ ಒಳಗೇ ಕೂರುತ್ತವೆ. ಅವು ಲಿನಕ್ಸ್‌ನಲ್ಲಿ ನಡೆಯುವುದಿಲ್ಲ. ಈಸಿ ಆ್ಯಂಟಿ-ಚೀಟ್ ಮತ್ತು ಬ್ಯಾಟಲ್‌ಐ 2021ರಿಂದ ಪ್ರೋಟಾನ್‌ಗೆ ಅವಕಾಶ ಕೊಟ್ಟಿವೆ, ಆದರೆ ಅದನ್ನು ಚಾಲೂ ಮಾಡುವುದು ಬಿಡುವುದು ಆಟದ ಕಂಪನಿಯ ಕೈಯಲ್ಲಿದೆ. ವ್ಯಾಲೊರೆಂಟ್, ಫೋರ್ಟ್‌ನೈಟ್, ಲೀಗ್ ಆಫ್ ಲೆಜೆಂಡ್ಸ್ ಲಿನಕ್ಸ್‌ನಲ್ಲಿ ಆಡಲು ಬರುವುದಿಲ್ಲ. ಮೊದಲು ಓಡುತ್ತಿದ್ದ ಅಪೆಕ್ಸ್ ಲೆಜೆಂಡ್ಸ್ 2024ರ ಅಕ್ಟೋಬರ್ ಕೊನೆಯಲ್ಲಿ ಲಿನಕ್ಸ್‌ಗೆ ಬಾಗಿಲು ಮುಚ್ಚಿತು. ಇಲ್ಲಿ ಅಡ್ಡ ನಿಂತಿರುವುದು ಕಂಪನಿಗಳ ನಿರ್ಧಾರ, ಬಳಕೆದಾರ ಎಷ್ಟು ಜಾಣನಾದರೂ ಅದನ್ನು ದಾಟಲಾಗದು.

ಸಣ್ಣ ಊರುಗಳ ಆಟಗಾರರು ತಿಳಿಯಬೇಕಾದ ಇನ್ನೊಂದು ಸಂಗತಿ ಗ್ರಾಫಿಕ್ಸ್ ಕಾರ್ಡಿನದು. ಈಗಿನ ಡಿಎಕ್ಸ್‌ವಿಕೆಗೆ ವಲ್ಕನ್ 1.3 ಬೇಕು. ಇಂಟೆಲ್‌ನ ನಾಲ್ಕನೇ ತಲೆಮಾರಿನ ಪ್ರೊಸೆಸರ್‌ಗಳಲ್ಲಿರುವ ಗ್ರಾಫಿಕ್ಸ್‌ಗೆ ವಲ್ಕನ್ ಬೆಂಬಲ ಅಪೂರ್ಣ. ಅಗ್ಗವೆಂದು ಬಹಳ ಮಾರಾಟವಾದ ಎನ್‌ವಿಡಿಯ ಜಿಟಿ 710 ಕೂಡ 1.3 ಮುಟ್ಟುವುದಿಲ್ಲ. ಇಂಥ ಯಂತ್ರಗಳಲ್ಲಿ ಲಿನಕ್ಸ್ ಸೊಗಸಾಗಿ ನಡೆದರೂ, ಪ್ರೋಟಾನ್‌ನಲ್ಲಿ ಹೊಸ ಆಟಗಳು ನಡೆಯುವುದಿಲ್ಲ. ಜಿಟಿಎ ವೈಸ್ ಸಿಟಿ, ಸ್ಯಾನ್ ಆ್ಯಂಡ್ರಿಯಾಸ್‌ನಂಥ ಹಳೆಯ ಆಟಗಳನ್ನು ವೈನ್‌ನ ಓಪನ್‌ಜಿಎಲ್ ದಾರಿಯಲ್ಲಿ ಆಡಬಹುದು. ಎಎಮ್‌ಡಿ ಗ್ರಾಫಿಕ್ಸ್‌ಗೆ ಡ್ರೈವರ್ ಲಿನಕ್ಸ್‌ನ ಜೊತೆಗೇ ಬರುವುದರಿಂದ ಹೊಸ ಯಂತ್ರ ಕೊಳ್ಳುವವರಿಗೆ ಅದು ನಿರಾತಂಕದ ಆಯ್ಕೆ. ಡ್ಯುಯಲ್ ಬೂಟ್‌ನಲ್ಲಿ ವಿಂಡೋಸ್‌ನ ಎನ್‌ಟಿಎಫ್‌ಎಸ್ ಡ್ರೈವ್‌ನಿಂದ ಆಟ ಓಡಿಸಿದರೆ ತೊಂದರೆ ಬರುತ್ತದೆ, ಆಟಗಳನ್ನು ಲಿನಕ್ಸ್ ಭಾಗದಲ್ಲೇ ಇಡಬೇಕು. ಕಿಯೋದಂಥ ರಿಸ್ಕ್-ಫೈವ್ ಯಂತ್ರ ಕಲಿಕೆಗೆ ಸರಿ, ಇಂಟೆಲ್ ಮತ್ತು ಎಎಮ್‌ಡಿ ಪ್ರೊಸೆಸರ್‌ಗೆಂದು ಬರೆದ ವಿಂಡೋಸ್ ಆಟಗಳಿಗಲ್ಲ.

ಈ ಮೂರು ತಾಲ್ಲೂಕುಗಳ ಹುಡುಗರು ಹೆಚ್ಚು ಆಡುವುದು ಮೊಬೈಲಿನಲ್ಲಿ. ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್ ಆಂಡ್ರಾಯ್ಡ್ ಆಟಗಳು. ಅವನ್ನು ಕಂಪ್ಯೂಟರಿನಲ್ಲಿ ಆಡಿಸುವ ಬ್ಲೂಸ್ಟ್ಯಾಕ್ಸ್, ಗೇಮ್‌ಲೂಪ್ ಲಿನಕ್ಸ್‌ಗೆ ಬಂದಿಲ್ಲ.

ಕಾಸರಗೋಡಿನ ಶಾಲೆಗಳು

ಕನ್ನಡದ ಮಕ್ಕಳು ಲಿನಕ್ಸ್ ಕಲಿತ ದೊಡ್ಡ ಉದಾಹರಣೆ ಇರುವುದು ಗಡಿಯಾಚೆ. ಕೇರಳ ಸರ್ಕಾರ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಆರಂಭಿಸಿ, ಕೆಲವು ವರ್ಷಗಳಲ್ಲೇ ಶಾಲೆಗಳನ್ನು ಸ್ವತಂತ್ರ ತಂತ್ರಾಂಶಕ್ಕೆ ತಂದಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಉಬುಂಟು ಆಧರಿಸಿ ಕೈಟ್ ತನ್ನದೇ ಡಿಸ್ಟ್ರೋ ಸಿದ್ಧಪಡಿಸಿ ಶಾಲೆಗಳಿಗೆ ಕೊಡುತ್ತದೆ. ಕಾಸರಗೋಡು, ಮಂಜೇಶ್ವರದ ಕನ್ನಡ ಮಾಧ್ಯಮದ ಮಕ್ಕಳೂ ಇದರಲ್ಲೇ ಐಟಿ ಕಲಿಯುತ್ತಾರೆ. ಚಿಕ್ಕ ತರಗತಿಗಳಲ್ಲಿ ಪಾಠ ಆರಂಭವಾಗುವುದೇ ಆಟದಿಂದ. ಜಿಕಾಂಪ್ರಿಯಂಥ ಕಲಿಕೆಯ ಆಟಗಳಲ್ಲಿ ಮೌಸ್ ಹಿಡಿಯುವುದು, ಎಣಿಸುವುದು, ಬಣ್ಣ ತುಂಬುವುದು ಬರುತ್ತದೆ. ದೊಡ್ಡ ಮಕ್ಕಳಿಗಾಗಿ 2018ರಲ್ಲಿ ಲಿಟಲ್ ಕೈಟ್ಸ್ ಎಂಬ ಐಟಿ ಸಂಘಗಳು ಶುರುವಾದವು. ಅಲ್ಲಿ ಲಿನಕ್ಸ್ ನಿಂತದ್ದು ತರಬೇತಾದ ಶಿಕ್ಷಕರು, ಪಠ್ಯಪುಸ್ತಕ, ಪರೀಕ್ಷೆ, ದುರಸ್ತಿ ಎಲ್ಲವೂ ಒಂದೇ ವ್ಯವಸ್ಥೆಯ ಸುತ್ತ ಜೋಡಿಸಿದ್ದರಿಂದ.

ಮೌಲ್ಯಮಾಪನ

ಬ್ರೌಸಿಂಗ್, ಓದು, ಕನ್ನಡ ಬರವಣಿಗೆ, ಪ್ರೋಗ್ರಾಮಿಂಗ್ ಇಷ್ಟೇ ಬೇಕಾದವರಿಗೆ ಲಿನಕ್ಸ್ ಇಂದು ಪೂರ್ತಿ ಸಿದ್ಧವಾಗಿದೆ. ಬೆಂಬಲ ನಿಂತುಹೋದ ಹಳೆಯ ಕಂಪ್ಯೂಟರಿಗೆ ಅದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ಕಥೆಯ ಆಟಗಳನ್ನು ಒಬ್ಬರೇ ಆಡುವವರು, ಹೊಸ ಗ್ರಾಫಿಕ್ಸ್ ಇದ್ದರೆ, ಧೈರ್ಯವಾಗಿ ಬರಬಹುದು. ವ್ಯಾಲೊರೆಂಟ್‌ನಂಥ ಸ್ಪರ್ಧೆಯ ಆಟವೇ ಜೀವ ಎನ್ನುವವರು, ಟ್ಯಾಲಿ, ಬೆರಳಚ್ಚು ಯಂತ್ರ, ಪೇಜ್‌ಮೇಕರ್‌ಗಳಿಂದ ಹೊಟ್ಟೆ ಹೊರೆಯುವವರು ವಿಂಡೋಸ್ ಉಳಿಸಿಕೊಳ್ಳಬೇಕು, ಬೇಕಾದರೆ ಪಕ್ಕದಲ್ಲಿ ಲಿನಕ್ಸ್ ಇಟ್ಟುಕೊಳ್ಳಬಹುದು. ರೋಣ, ನರಗುಂದ, ಗಜೇಂದ್ರಗಡದಲ್ಲಿ ಕೊರತೆಯಿರುವುದು ತಂತ್ರಾಂಶದ್ದಲ್ಲ, ಕಲಿಸುವ ಕೈಗಳದ್ದು. ಕೋಪಾ ಓದಿದ ಹುಡುಗಿಯರು, ಗದಗ ಮತ್ತು ಹುಲಕೋಟಿಯಲ್ಲಿ ಕಂಪ್ಯೂಟರ್ ಕಲಿತ ಹುಡುಗರು ತಮ್ಮ ಊರಿನ ಶಾಲೆಯ ಮೂಲೆ ಸೇರಿರುವ ಒಂದು ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿ, ಕಗಪ ಕೀಲಿಮಣೆ ಹೊಂದಿಸಿ, ಮಕ್ಕಳಿಗೆ ಒಪ್ಪಿಸಬೇಕು. ಆ ಕೆಲಸಕ್ಕೆ ಬೇಕಾದದ್ದು ಒಂದು ಪೆನ್‌ಡ್ರೈವ್ ಮತ್ತು ಒಂದು ಮಧ್ಯಾಹ್ನ.